ಯಾವ ನಾಲ್ಕು ಗಂಟೆಯ ಹಾಲು?

ದೇವನಹಳ್ಳಿ ತಾಲ್ಲೂಕಿನಲ್ಲಿ, ವಿಜಯಪುರಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಪ್ಪನವರಿದ್ದಾರೆ. ಎರಡು ಸೀಮೆಹಸು, ಒಂದೆಕರೆ ಹಿಪ್ಪುನೇರಳೆ ತೋಟ, ಮಿಕ್ಕಿದ್ದು ರಾಗಿಯ ಹೊಲ. ಅಲ್ಲಿಗೆ ಹೋದಾಗಲೆಲ್ಲ ಬೆಳಗಿನ ಹೊತ್ತು ಅವರೊಡನೆ ಡೇರಿಗೆ ಹಾಲು ಹಾಕಲು ಹೋಗುವುದು ನನಗೊಂದು ಸುಖ. ಕಾಲೇಜಿನಲ್ಲಿ ಪಂಪನನ್ನೂ ಕುಮಾರವ್ಯಾಸನನ್ನೂ ಹೇಳಿಕೊಡುವ ನನಗೆ ಆ ಸಾಲಿನಲ್ಲಿ ಯಾವ ಗೌರವವೂ ಇಲ್ಲ. ಅಲ್ಲಿ ಕ್ಯಾನು ಹಿಡಿದವನಿಗೆ ಮಾತ್ರ ಸ್ಥಾನ.

2024ರ ಜುಲೈ ತಿಂಗಳ ಒಂದು ಭಾನುವಾರ ಆ ಸಾಲಿನಲ್ಲಿ ಯಾರೋ ಹೊರದೇಶದ ಹಾಲಿನ ಪುಡಿಯ ಮಾತೆತ್ತಿದರು. ಅದಕ್ಕೆ ಕೆಲವೇ ದಿನ ಹಿಂದೆ ಕೇಂದ್ರ ಸರ್ಕಾರ ಕಡಿಮೆ ಸುಂಕದಲ್ಲಿ 10,000 ಟನ್ ಹಾಲಿನ ಪುಡಿಯನ್ನೂ ಸುಮಾರು 5 ಲಕ್ಷ ಟನ್ ಮುಸುಕಿನ ಜೋಳವನ್ನೂ ತರಿಸಿಕೊಳ್ಳಲು ಅಪ್ಪಣೆ ಕೊಟ್ಟಿತ್ತು. “ಹತ್ತು ಸಾವಿರ ಟನ್ನು ಅಂದ್ರೆ ಎಷ್ಟಾಯ್ತಪ್ಪ ಮೇಷ್ಟ್ರೆ?” ಎಂದು ಚಿಕ್ಕಪ್ಪ ನನ್ನ ಕಡೆ ತಿರುಗಿದರು.

ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಕಿಲೋ ಪುಡಿಗೆ ಸುಮಾರು ಹನ್ನೊಂದು ಲೀಟರು ಕೆನೆ ತೆಗೆದ ಹಾಲು ಬೇಕು. ಹಾಗಾದರೆ ಹತ್ತು ಸಾವಿರ ಟನ್ನಿಗೆ ಹನ್ನೊಂದು ಕೋಟಿ ಲೀಟರು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ನಮ್ಮ ದೇಶದಲ್ಲಿ ವರ್ಷಕ್ಕೆ 23 ಕೋಟಿ ಟನ್ನಿಗೂ ಹೆಚ್ಚು ಹಾಲು ಕರೆಯುತ್ತಾರೆ. ದಿನಕ್ಕೆ ಅರವತ್ತು ಕೋಟಿ ಲೀಟರಿಗೂ ಮೇಲೆ. “ಇಡೀ ದೇಶದ ನಾಲ್ಕು ಗಂಟೆಯ ಹಾಲು, ಅಷ್ಟೆ, ಚಿಕ್ಕಪ್ಪ,” ಎಂದು ಸಮಾಧಾನ ಹೇಳಿದೆ.

“ಯಾವ ನಾಕು ಗಂಟೇದು?” ಎಂದರು.

ನಾನು ನಕ್ಕೆ. ಅವರು ನಗಲಿಲ್ಲ. “ಬೆಳಿಗ್ಗೇದೋ, ಸಾಯಂಕಾಲದ್ದೋ? ನಮ್ಮೂರಿಂದೋ, ಗುಜರಾತಿಂದೋ? ಅದನ್ನ ಹೇಳು ಮೊದ್ಲು.”

ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ನನ್ನ ಲೆಕ್ಕದಲ್ಲಿ ನಷ್ಟವೆಂಬುದು ಕೋಟ್ಯಂತರ ಮನೆಗಳಿಗೆ ಹಂಚಿ, ಒಬ್ಬೊಬ್ಬರ ಪಾಲಿಗೆ ಹನಿಯಷ್ಟಾಗಿ, ಆವಿಯಾಗಿ ಹೋಗಿತ್ತು. ನಿಜವಾದ ನಷ್ಟ ಹಾಗೆ ಹಂಚಿಹೋಗುವುದಿಲ್ಲ. ಹುಲ್ಲು ಹಸಿರಾಗಿ ಹಾಲು ಹೆಚ್ಚಿದ ಕಾಲದಲ್ಲಿ ಒಕ್ಕೂಟಗಳು ಮಿಕ್ಕ ಹಾಲನ್ನು ಪುಡಿ ಮಾಡಿ ಇಡುತ್ತವೆ. ಆ ಪುಡಿಗೆ ಗಿರಾಕಿ ಇಲ್ಲದಾದರೆ ಉಗ್ರಾಣ ತುಂಬುತ್ತದೆ, ಹಣ ಕಟ್ಟಿಬೀಳುತ್ತದೆ, ಕೊನೆಗೆ ರೈತನಿಗೆ ಕೊಡುವ ದರದ ಮೇಲೆ ಕಣ್ಣು ಬೀಳುತ್ತದೆ. ಹತ್ತು ಹಸು ಕಟ್ಟಿದವನು ಅದನ್ನು ತಡೆದುಕೊಂಡಾನು. ಹಿಂಡಿಯ ಸಾಲ ತೀರಿಸಬೇಕಾದ ಒಂಟಿ ಹಸುವಿನ ಹೆಂಗಸು ಹಸುವನ್ನು ಸಂತೆಗೆ ಹೊಡೆಯುತ್ತಾಳೆ. ಸರಾಸರಿಯ ಲೆಕ್ಕದಲ್ಲಿ ಆಕೆ ಕಾಣುವುದೇ ಇಲ್ಲ.

ಕೋಟಾ ಎಂಬುದರ ಹುಟ್ಟನ್ನೂ ಸ್ವಲ್ಪ ನೋಡಬೇಕು. ಹಾಲಿನ ಪುಡಿಗೆ ಸುಂಕವನ್ನೇ ಹಾಕುವುದಿಲ್ಲವೆಂದು ನಮ್ಮ ದೇಶ ಹಿಂದೆ ಜಾಗತಿಕ ವ್ಯಾಪಾರದ ಒಪ್ಪಂದದಲ್ಲಿ ಮಾತು ಕೊಟ್ಟಿತ್ತು. ಆ ಮಾತು ಕುತ್ತಿಗೆಗೆ ಬಂದಾಗ, 2000ದ ಸುಮಾರಿಗೆ, ಮತ್ತೆ ಮಾತುಕತೆ ನಡೆಸಿ ನೂರಕ್ಕೆ 60ರವರೆಗೆ ಸುಂಕ ಹಾಕುವ ಹಕ್ಕು ಪಡೆಯಿತು. ಅದಕ್ಕೆ ಬದಲಾಗಿ ವರ್ಷಕ್ಕೆ 10,000 ಟನ್ನನ್ನು ನೂರಕ್ಕೆ 15ರ ಸುಂಕದಲ್ಲಿ ಒಳಗೆ ಬಿಡಲು ಒಪ್ಪಿತು. ಆಡಿದ ಮಾತನ್ನು ತಿದ್ದಿಕೊಂಡದ್ದಕ್ಕೆ ತೆತ್ತ ತಪ್ಪುಕಾಣಿಕೆ ಎನ್ನೋಣ. ಈಚಿನ ಮುಕ್ತ ವ್ಯಾಪಾರ ಒಪ್ಪಂದಗಳಲ್ಲಿಯೂ ಇದೇ ಜಾಡು. 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯದ ಒಪ್ಪಂದದಂತೆ ಅಲ್ಲಿಯ ಹತ್ತಿ ವರ್ಷಕ್ಕೆ 51,000 ಟನ್ನಿನವರೆಗೆ ಸುಂಕವಿಲ್ಲದೆ ಬರಬಹುದು. ಹಾಲನ್ನು ಮಾತ್ರ ಅದರಿಂದ ಹೊರಗಿಟ್ಟರು. ಅದಕ್ಕೂ ಹಿಂದೆ, 2019ರ ನವೆಂಬರಿನಲ್ಲಿ, ನ್ಯೂಜಿಲೆಂಡೂ ಸೇರಿದ್ದ ಹದಿನಾರು ದೇಶಗಳ ಮಾತುಕತೆಯಿಂದ ನಮ್ಮವರು ಬ್ಯಾಂಕಾಕಿನಲ್ಲಿ ಎದ್ದುಬಂದರಲ್ಲ, ಆಗ ನಮ್ಮ ಹಳ್ಳಿಯ ಡೇರಿಗಳಲ್ಲಿ ನಿಟ್ಟುಸಿರು ಬಿಟ್ಟವರು ಅನೇಕರು.

ಹಾಗಾದರೆ ಪ್ರಶ್ನೆ ಇದು: ಒಂದು ಕೇಡನ್ನು ಅಳತೆ ಮಾಡಿ, ಸ್ವಲ್ಪವೇ ಮಾಡುತ್ತೇವೆಂದು ಮೊದಲೇ ಸಾರಿ ಮಾಡಿದರೆ ಅದು ಧರ್ಮವಾಗುತ್ತದೆಯೆ? ಚಿಕ್ಕಪ್ಪನ ಡೇರಿಯಲ್ಲಿ ಇದಕ್ಕೆ ಸುಲಭವಾದ ಉತ್ತರವಿದೆ. ಹಾಲಿಗೆ ಸ್ವಲ್ಪವೇ ನೀರು ಬೆರೆಸಿ ತಂದವನು, ಒಂದು ಲೋಟ ತಾನೆ ಎಂದರೆ ಕಾರ್ಯದರ್ಶಿ ಒಪ್ಪುವುದಿಲ್ಲ.

ಆದರೆ ಉತ್ತರ ಅಷ್ಟು ಸುಲಭವಲ್ಲವೆಂಬುದಕ್ಕೆ ನನ್ನ ಭಾವನವರೇ ಸಾಕ್ಷಿ. ಅವರು ದೊಡ್ಡಬಳ್ಳಾಪುರದಲ್ಲಿ ನಾಲ್ಕು ವಿದ್ಯುತ್ ಮಗ್ಗ ಇಟ್ಟುಕೊಂಡಿದ್ದಾರೆ. ಚಿಕ್ಕಪ್ಪ ಗೂಡು ಬೆಳೆಯುವವರು, ಭಾವ ನೂಲು ಕೊಳ್ಳುವವರು; ಎರಡು ಊರೂ ಒಂದೇ ಜಿಲ್ಲೆಯವು. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30ರಿಂದ ಒಮ್ಮೆಲೇ 5ಕ್ಕೆ ಇಳಿಯಿತು. ಆ ವರ್ಷ ಗೂಡಿನ ಬೆಲೆ ಕುಸಿದು ವಿಜಯಪುರದ ಕಡೆ ಹಿಪ್ಪುನೇರಳೆ ಕಿತ್ತವರನ್ನು ನಾನೇ ಕಂಡಿದ್ದೇನೆ. ಅದೇ ದಿನಗಳಲ್ಲಿ ಭಾವ, “ಈಗ ಸ್ವಲ್ಪ ಉಸಿರಾಡೋ ಹಾಗಾಯ್ತು ನೋಡಿ,” ಎಂದಿದ್ದರು. ಇಬ್ಬರೂ ಸುಳ್ಳಾಡುವವರಲ್ಲ. ಆಮೇಲೆ 2013ರಲ್ಲಿ ಸುಂಕ 15ಕ್ಕೆ ಏರಿತು, ಮಧ್ಯೆ 10ಕ್ಕೆ ಇಳಿಯಿತು, 2021ರಲ್ಲಿ ಮತ್ತೆ 15 ಆಯಿತು. ಒಂದೊಂದು ಅಂಕಿ ಏರಿದಾಗಲೂ ಇಳಿದಾಗಲೂ ನನ್ನ ನೆಂಟರಲ್ಲಿ ಒಬ್ಬರ ಮುಖ ಬಾಡುತ್ತಿತ್ತು. ಮುಸುಕಿನ ಜೋಳದ ಕಥೆಯೂ ಇಷ್ಟೆ: ಬೆಳೆದವನಿಗೆ ಬೆಲೆ ಬೇಕು, ಕೋಳಿ ಸಾಕುವವನಿಗೆ ಅಗ್ಗದ ಮೇವು ಬೇಕು.

ಗೋಡೆ ಕಟ್ಟಿದರೂ ಒಬ್ಬನಿಂದ ಕಿತ್ತುಕೊಂಡಂತೆ, ಬಾಗಿಲು ತೆರೆದರೂ ಇನ್ನೊಬ್ಬನಿಂದ ಕಿತ್ತುಕೊಂಡಂತೆ. ಹೀಗಿರುವಾಗ ಬಾಗಿಲನ್ನು ಇಷ್ಟೇ ತೆರೆಯುತ್ತೇವೆ ಎಂದು ಹೇಳುವ ಕೋಟಾದಲ್ಲಿ ಒಂದು ಬಗೆಯ ಪ್ರಾಮಾಣಿಕತೆ ಇದೆಯೆಂದೇ ನನಗೆ ತೋರುತ್ತದೆ. ನನ್ನ ಆಕ್ಷೇಪ ಬೇರೆ ಕಡೆಗಿದೆ.

ಕೋಲಾರದ ಸೀಮೆಯ ಹಳೆಯ ಕೆರೆಗಳಲ್ಲಿ, ಮಳೆ ಕಡಿಮೆಯಾದ ವರ್ಷ, ದಾಮಾಷಾ ಎಂಬ ಕ್ರಮವಿತ್ತು. ಕೆರೆಯಲ್ಲಿರುವ ನೀರು ಎಷ್ಟು ಭೂಮಿಗೆ ಸಾಲುತ್ತದೆಂದು ನೋಡಿ, ತೂಬಿನ ಹತ್ತಿರದ ಅಷ್ಟು ಭೂಮಿಯನ್ನೇ ಎಲ್ಲ ರೈತರೂ ತಮ್ಮ ತಮ್ಮ ಹಿಡುವಳಿಗೆ ತಕ್ಕಂತೆ ಹಂಚಿಕೊಂಡು ಆ ವರ್ಷಕ್ಕೆ ನಾಟಿ ಮಾಡುವುದು. ನೀರುಗಂಟಿ ಸರದಿಯಂತೆ ನೀರು ಬಿಡುವನು. ಹಳೆಯದನ್ನೆಲ್ಲ ಚಿನ್ನವೆನ್ನುವ ಚಪಲ ನನಗಿಲ್ಲ. ಆ ನೀರುಗಂಟಿ ಹೆಚ್ಚಾಗಿ ಊರ ಹೊರಗಿನ ಕೇರಿಯವನು, ಕೂಲಿಯಾಗಿ ಕಾಳು ಪಡೆಯುತ್ತಿದ್ದವನು ಎಂಬುದನ್ನು ಮರೆಯಬಾರದು. ಆದರೂ ಆ ಹಂಚಿಕೆಯಲ್ಲಿ ಒಂದು ಗುಣವಿತ್ತು. ಯಾರ ಗದ್ದೆ ಒಣಗುತ್ತದೆ ಎಂಬುದು ನಾಟಿಗೆ ಮುಂಚೆಯೇ ಊರಿಗೆಲ್ಲ ಗೊತ್ತಿರುತ್ತಿತ್ತು. ಒಣಗುವ ಗದ್ದೆಯವನಿಗೆ ಒದ್ದೆ ನೆಲದಲ್ಲಿ ಒಂದು ತುಂಡಾದರೂ ಸಿಗುತ್ತಿತ್ತು. ಕೆರೆಯ ನೀರು ನೋಡಿದ ಮೇಲೆಯೇ ಅಳತೆ ನಿಶ್ಚಯವಾಗುತ್ತಿತ್ತು.

ನಮ್ಮ ಕೋಟಾದ ಅಂಕಿಗೆ ಕೆರೆ ಕಾಣುವುದಿಲ್ಲ. 2000ದಲ್ಲಿ ಬರೆದ 10,000 ಎಂಬುದು 2020ರ ಜೂನ್‌ನಲ್ಲಿಯೂ 10,000. ಆಗ ಹೋಟೆಲುಗಳು ಮುಚ್ಚಿದ್ದವು, ಮದುವೆಗಳು ನಿಂತಿದ್ದವು, ಹಾಲು ಕೊಳ್ಳುವವರಿಲ್ಲದೆ ಒಕ್ಕೂಟಗಳು ಪುಡಿ ಮಾಡಿ ರಾಶಿ ಹಾಕುತ್ತಿದ್ದವು. ಬೆಲೆ ಬಿದ್ದು ಕಂಗಾಲಾದ ಮುಸುಕಿನ ಜೋಳದ ರೈತರಿಗೆ ತಲಾ 5,000 ರೂಪಾಯಿ ಪರಿಹಾರ ಕೊಡುವುದಾಗಿ ರಾಜ್ಯ ಸರ್ಕಾರ ಮೇ ತಿಂಗಳಲ್ಲಿ ಸಾರಿತ್ತು. ಮರುತಿಂಗಳೇ ಕೇಂದ್ರದಿಂದ ಹಾಲಿನ ಪುಡಿಗೂ 5 ಲಕ್ಷ ಟನ್ ಜೋಳಕ್ಕೂ ಆಮದಿನ ಅಪ್ಪಣೆ ಹೊರಟಿತು. ಅಪ್ಪಣೆಯಾದದ್ದೆಲ್ಲ ಬಂದು ಇಳಿಯಲೇಬೇಕೆಂದಿಲ್ಲ, ನಿಜ. ಆದರೆ ಬರುತ್ತದೆಂಬ ಸುದ್ದಿಗೇ ಮಂಡಿಯಲ್ಲಿ ಬೆಲೆ ಅಲುಗುತ್ತದೆ.

ಇದರಲ್ಲಿ ನನ್ನ ಪಾಲೇನು, ನಿಮ್ಮ ಪಾಲೇನು ಎಂದು ಕೇಳಿಕೊಂಡರೆ ಮುಜುಗರವಾಗುತ್ತದೆ. ಹಾಲಿನ ದರ ಎರಡು ರೂಪಾಯಿ ಏರಿದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಅದೇ ಮಾತು, ನಾನೂ ದನಿಗೂಡಿಸಿದ್ದೇನೆ. ನಾವು ಪೇಟೆಯವರು ಗೊಣಗಿದ್ದು ದೆಹಲಿಗೆ ಬೇಗ ಮುಟ್ಟುತ್ತದೆ. ಒಪ್ಪಂದದ ಮೇಜಿನ ಬಳಿ ನಮಗೆ ಕುರ್ಚಿಯಿಲ್ಲದಿದ್ದರೂ ನಮ್ಮ ಹೆಸರಿನಲ್ಲಿ ಮಾತಾಡುವವರು ಇರುತ್ತಾರೆ. ನಾಲ್ಕು ಗಂಟೆಯ ಹಾಲು ಕಳೆದುಕೊಳ್ಳುವವರ ಹೆಸರು ಇಂಥದ್ದೆಂದು ಬರೆದಿಡುವ ಪುಸ್ತಕ ಯಾವ ಕಚೇರಿಯಲ್ಲಿಯೂ ಇಲ್ಲ. ಇದ್ದಿದ್ದರೆ, ಅವರಿಗೆ ಮುಂಚಿತವಾಗಿ ತಿಳಿಸಿ ಆ ವರ್ಷದ ಕೊರತೆಯನ್ನು ಬೊಕ್ಕಸದಿಂದ ತುಂಬಿಕೊಡುವುದು ಅಸಾಧ್ಯವೇನಲ್ಲ. ಲೀಟರಿಗೆ ಐದು ರೂಪಾಯಿ ಪ್ರೋತ್ಸಾಹಧನವನ್ನು ನಮ್ಮ ರಾಜ್ಯದಲ್ಲಿ ರೈತರ ಖಾತೆಗೇ ಹಾಕುವ ಪದ್ಧತಿ ಬಂದಿರುವಾಗ, ಲೆಕ್ಕ ಇಡುವುದು ಕಷ್ಟವೆಂಬ ಮಾತಿಗೆ ಅರ್ಥವಿಲ್ಲ.

ಈಚೆಗೆ ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಲು ಹೊರಟೆ. ಹುಳು ಮೂರನೆಯ ಜ್ವರ ಎದ್ದಿತ್ತು. ಅವರಿಗೆ ಸೊಪ್ಪು ಕೊಯ್ಯುವ ಅವಸರ. ಅರ್ಧ ಕೇಳಿ ಕುಡುಗೋಲು ತೆಗೆದುಕೊಂಡು ಹೊರಟರು. ಮುಂದಿನ ತಿಂಗಳು ಮನೆಯಲ್ಲೊಂದು ಮದುವೆಯಿದೆ. ಸೀರೆ ತರಲು ದೊಡ್ಡಬಳ್ಳಾಪುರಕ್ಕೆ ಚಿಕ್ಕಪ್ಪನೂ ಜೊತೆಗೆ ಬರುತ್ತಾರಂತೆ. ಭಾವನ ಮಗ್ಗದ ಮುಂದೆ, ಇಬ್ಬರ ನಡುವೆ ಕೂತು, ಈ ಮಾತು ತೆಗೆಯಲೋ ಬೇಡವೋ ಎಂದು ನಾನಿನ್ನೂ ನಿಶ್ಚಯಿಸಿಲ್ಲ.