ಎಲ್ಲಿಯ ತನಕ ಕಳಿಸಿ ಬರಬೇಕು?

ಯಾರು ಮರಳಿ ಬರಲಿ ಎಂದು ಬಯಸುತ್ತೇವೋ ಅವರ ಹಿಂದೆ ಬಹುದೂರ ಹೋಗಬಾರದು. ಹಳೆಯ ಮಾತು ಇದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ಮಂತ್ರಿಗಳ ಬಾಯಲ್ಲಿ ಬರುತ್ತದೆ. ಕೇಳಿದ ಕೂಡಲೇ ಶಕುನದ ಮಾತು ಅನ್ನಿಸುತ್ತದೆ: ಕೊನೆಯ ತನಕ ಹಿಂದೆ ಹೋಗುವುದು ಹೆಣದ ಜೊತೆ ಮಾತ್ರ, ಬದುಕಿ ಬರಬೇಕಾದವರ ಜೊತೆ ಹಾಗೆ ಮಾಡಬೇಡಿ ಅಂತ. ಹಿರಿಯರು ಹೇಳುವ ಅರ್ಥವೂ ಬಹುಪಾಲು ಇದೇ. ಆದರೆ ಮಾತನ್ನು ಯಾರು ಯಾರಿಗೆ ಹೇಳಿದರು ಎಂದು ನೋಡಿದರೆ ಇಷ್ಟಕ್ಕೇ ನಿಲ್ಲಲು ಆಗುವುದಿಲ್ಲ.

ಮಂತ್ರಿಗಳು ಇದನ್ನು ಹೇಳಿದ್ದು ಕಾಡಿಗೆ ಹೊರಟ ರಾಮನಿಗಲ್ಲ, ಊರಲ್ಲಿ ಉಳಿಯಬೇಕಾದ ದಶರಥನಿಗೆ. ರಥ ಹೊರಟಿದೆ, ಮುದುಕ ರಾಜ ಕಾಲ್ನಡಿಗೆಯಲ್ಲಿ ಹಿಂದೆ ಬರುತ್ತಿದ್ದಾನೆ. ರಾಜ ನಿಲ್ಲಿಸು ಅನ್ನುತ್ತಾನೆ, ರಾಮ ಹೊಡಿ ಹೊಡಿ ಅನ್ನುತ್ತಾನೆ. ನಡುವೆ ಸಿಕ್ಕಿಕೊಂಡವನು ಸಾರಥಿ ಸುಮಂತ್ರ. ಆಮೇಲೆ ರಾಜ ಗದರಿದರೆ ನನಗೆ ಕೇಳಿಸಲಿಲ್ಲ ಅಂದುಬಿಡು ಎಂದು ರಾಮನೇ ಅವನಿಗೆ ದಾರಿ ತೋರಿಸುತ್ತಾನೆ. ಸತ್ಯಕ್ಕೆ ಹೆಸರಾದವನು ಹೇಳಿಕೊಟ್ಟ ಈ ಸಣ್ಣ ಸುಳ್ಳಿಗೆ ಪಂಡಿತರು ಯಾವ ಸಮಾಧಾನ ಕೊಡುತ್ತಾರೋ ಕೊಡಲಿ, ಬಸ್ ಸ್ಟ್ಯಾಂಡಿನಲ್ಲಿ ಮಕ್ಕಳನ್ನು ಹತ್ತಿಸಿ ಬಂದವರು ಸಮಾಧಾನ ಕೇಳುವುದಿಲ್ಲ. ಹೊರಟವನಿಗೆ ಹೋಗಲು ಒಂದು ದಿಕ್ಕಾದರೂ ಇದೆ. ಉಳಿದವನಿಗೆ ಎಲ್ಲಿ ತಿರುಗಬೇಕು ಎಂಬುದನ್ನು ಬೇರೆ ಯಾರಾದರೂ ಹೇಳಬೇಕಾಗುತ್ತದೆ. ಮಂತ್ರಿಗಳು ಹೇಳಿದರು. ಮೈಯೆಲ್ಲ ಬೆವೆತು ರಾಜ ನಿಂತ.

ಊರಿನವರು ನಿಲ್ಲಲಿಲ್ಲ. ಅವರಿಗೆ ಹಾಗೆ ಹೇಳುವ ಮಂತ್ರಿಗಳೂ ಇರಲಿಲ್ಲ. ತಮಸಾ ನದಿಯ ತನಕ ಹಿಂಬಾಲಿಸಿದರು. ಈ ನಡಿಗೆಯಲ್ಲಿ ವಾಲ್ಮೀಕಿ ಒಂದು ವಿವರ ಇಟ್ಟಿದ್ದಾನೆ, ನನಗೆ ಅದು ಇಡೀ ಪ್ರಸಂಗಕ್ಕಿಂತ ಇಷ್ಟ. ವಯಸ್ಸಾದ ಬ್ರಾಹ್ಮಣರು ನಡೆದು ಬರುತ್ತಿರುವುದನ್ನು ಕಂಡು ರಾಮ ರಥದಿಂದ ಇಳಿಯುತ್ತಾನೆ. ಸೀತೆ, ಲಕ್ಷ್ಮಣರ ಜೊತೆ ತಾನೂ ನಡೆಯುತ್ತಾನೆ, ಅದೂ ಹತ್ತಿರ ಹತ್ತಿರ ಹೆಜ್ಜೆ ಇಡುತ್ತಾ. ಗುಂಪಿನಲ್ಲಿ ನಡೆದು ಅಭ್ಯಾಸವಿರುವವರಿಗೆ ಇದರ ಬೆಲೆ ಗೊತ್ತು. ಗುಂಪಿನ ವೇಗ ಎಂದರೆ ಅತಿ ಮೆಲ್ಲಗೆ ನಡೆಯುವವರ ವೇಗ. ಉಳಿದವರು ಅದನ್ನು ಬಾಯಿಬಿಟ್ಟು ಹೇಳದೆ ಹೆಜ್ಜೆ ಚಿಕ್ಕದು ಮಾಡಿಕೊಳ್ಳುತ್ತಾರೆ.

ಆ ರಾತ್ರಿ ನದಿಯ ದಡದಲ್ಲಿ ಊರಿನವರು ನಿದ್ದೆ ಹೋದಾಗ ರಾಮ ಎದ್ದು ಹೊರಟುಬಿಟ್ಟ. ದಾರಿ ತಪ್ಪಿಸಲೆಂದೇ ರಥವನ್ನು ಮೊದಲು ಉತ್ತರಕ್ಕೆ ಓಡಿಸಿ ತಿರುಗಿಸಿಕೊಂಡು ಬರಲು ಸುಮಂತ್ರನಿಗೆ ಹೇಳಿದ. ಬೆಳಗಾದ ಮೇಲೆ ಜನ ಗಾಲಿಯ ಗುರುತು ಹಿಡಿದು ಸ್ವಲ್ಪ ದೂರ ಹೋದರು, ಗುರುತು ತಪ್ಪಿತು, ತಮ್ಮ ನಿದ್ದೆಯನ್ನು ಬೈದುಕೊಂಡು ಹಿಂದಿರುಗಿದರು. ಮಂತ್ರಿಗಳ ಮಾತು ಕೇಳಿದ ರಾಜನಿಗೆ ದುಃಖ ಸಿಕ್ಕಿತು, ಕೇಳದ ಊರಿಗೆ ದುಃಖದ ಮೇಲೆ ಮೋಸವೂ ಸಿಕ್ಕಿತು.

ನಮ್ಮದೂ ದಿನಾ ನಡೆಯುವ ಒಂದು ಗುಂಪು. ಸೂಳಗಿರಿಯಲ್ಲಿ ನಾವು ನಡೆಯುವುದು ಕೆರೆ ಏರಿಯ ಮೇಲೆ. ಒಂದು ಕಡೆ ಬೆಟ್ಟದ ಬರಿ ಬಂಡೆ, ಇನ್ನೊಂದು ಕಡೆ ದೂರದಲ್ಲಿ 44ನೇ ರಾಷ್ಟ್ರೀಯ ಹೆದ್ದಾರಿಯ ಲಾರಿ ಸದ್ದು. ಕೊತ್ತಂಬರಿ, ಪುದೀನ ಹೇರಿಕೊಂಡ ಟೆಂಪೋಗಳು ಮಾರ್ಕೆಟ್ಟಿಗೆ ಹೋಗುವ ಹೊತ್ತು. ಒಬ್ಬರು ಕನ್ನಡದಲ್ಲಿ ಕೇಳಿದ್ದಕ್ಕೆ ಇನ್ನೊಬ್ಬರು ತೆಲುಗಿನಲ್ಲಿ ಉತ್ತರ ಕೊಡುತ್ತಾರೆ, ಮೂರನೆಯವರು ತಮಿಳಿನಲ್ಲಿ ನಗುತ್ತಾರೆ. ಈ ಸೀಮೆ ಕೂತಲ್ಲೇ ಕೂತು ಜಿಲ್ಲೆ ಬದಲಿಸಿದೆ: ಮೊದಲು ಸೇಲಂ, 1965ರಿಂದ ಧರ್ಮಪುರಿ, 2004ರಿಂದ ಕೃಷ್ಣಗಿರಿ. ಜನರಂತೂ ಸದಾ ಓಡಾಟದಲ್ಲೇ ಇರುತ್ತಾರೆ. ಹೊಸೂರಿನ ಸಿಪ್ಕಾಟ್ ಕೈಗಾರಿಕಾ ಪ್ರದೇಶಕ್ಕೆ ಕೆಲಸಕ್ಕೆ ಬರುವವರು, ಬೆಂಗಳೂರಿಗೆ ಹೋಗುವವರು, ನಿವೃತ್ತರಾಗಿ ಮಕ್ಕಳ ಮನೆ ಸೇರುವವರು. ಹಾಗಾಗಿ ಇಂಥ ಗುಂಪಿನಲ್ಲಿ ಆಗಾಗ ಯಾರಾದರೂ ಒಬ್ಬರು ಹೊರಟೇ ಇರುತ್ತಾರೆ. ಈ ಸಲ ನಮ್ಮ ಜೊತೆ ನಡೆಯುವ ಮೇಷ್ಟ್ರ ಸರದಿ. ಮೈಸೂರಿನಲ್ಲಿ ಮಗಳ ಮನೆ.

ಮೇಷ್ಟ್ರ ಬೀಳ್ಕೊಡುಗೆಗೆ ಏನು ಮಾಡಬೇಕು ಎಂಬ ಚರ್ಚೆ ನಡೆಯಿತು. ಶಾಲು ಹೊದಿಸೋಣ, ಹಾರ ಹಾಕೋಣ, ಕಲ್ಯಾಣ ಮಂಟಪದ ಊಟದ ಹಾಲ್ ಸಿಗುತ್ತದೆ, ಕೇಸರಿಬಾತ್ ಮಾಡಿಸೋಣ. ಮೈಕ್ ಹಿಡಿಯುವುದಕ್ಕೆ ಜನ ಕಡಿಮೆ ಇಲ್ಲ, ಅವರಲ್ಲಿ ಒಬ್ಬರಾದರೂ ನಮ್ಮ ಜೊತೆ ನಡೆದವರಾಗಿರುವುದಿಲ್ಲ. ನನ್ನ ಪ್ರಕಾರ ಮಂತ್ರಿಗಳು ಬೇಡವೆಂದ ಬಹುದೂರ ಇದೇ. ದೂರವನ್ನು ಹರದಾರಿಯಲ್ಲೇ ಅಳೆಯಬೇಕಿಲ್ಲ. ನಡಿಗೆಯ ಗೆಳೆತನ ಅಕ್ಕಪಕ್ಕದ ಗೆಳೆತನ. ಮುಖ ನೋಡದೆ ಮಾತಾಡುತ್ತೇವೆ, ಆದ್ದರಿಂದಲೇ ಮಗನ ಸಾಲ, ಸೊಸೆಯ ಮೌನ, ಪ್ರಾಸ್ಟೇಟ್ ಆಪರೇಷನ್ ಎಲ್ಲ ಸಲೀಸಾಗಿ ಬಾಯಿಗೆ ಬರುತ್ತವೆ. ಅಂಥವರನ್ನು ಕುರ್ಚಿಯಲ್ಲಿ ಕೂರಿಸಿ ಎದುರುಬದುರು ಮಾಡಿದರೆ ಇಬ್ಬರಿಗೂ ಮಾತೇ ಹೊರಡುವುದಿಲ್ಲ. ವಾಟ್ಸಾಪ್ ಗುಂಪಿನಲ್ಲಿ ಉಳಿಸಿಕೊಂಡು ದಿನವೂ ಬೆಟ್ಟದ ಫೋಟೋ ಕಳಿಸುವುದೂ ಗಾಲಿಯ ಗುರುತು ಹಿಡಿದು ಹೋಗುವ ಕೆಲಸವೇ.

ಹಾಗಾದರೆ ಎಲ್ಲಿಯ ತನಕ? ಇದಕ್ಕೂ ಪರಂಪರೆಯಲ್ಲಿ ಒಂದು ಅಳತೆ ಇದೆ: ನೀರಿನ ತನಕ. ಕಾಳಿದಾಸನ ಶಾಕುಂತಲದ ನಾಲ್ಕನೆಯ ಅಂಕದಲ್ಲಿ ಶಕುಂತಲೆಯನ್ನು ರಾಜನಾದ ಗಂಡನ ಮನೆಗೆ ಕಳಿಸಲು ಇಡೀ ಆಶ್ರಮ ಹೊರಟು ಸರೋವರದ ದಡಕ್ಕೆ ಬಂದಾಗ ಅವಳ ಸಾಕುತಂದೆ ಕಣ್ವರ ಶಿಷ್ಯ ಶಾರ್ಙ್ಗರವ ಈ ಪದ್ಧತಿಯನ್ನು ನೆನಪಿಸುತ್ತಾನೆ. ಇದು ನೀರಿನ ದಡ, ಹೇಳುವುದನ್ನು ಇಲ್ಲೇ ಹೇಳಿ ಹಿಂದಿರುಗಿ ಅಂತ. ಕಣ್ವರು ಒಂದು ಹಾಲುಮರದ ನೆರಳಿಗೆ ಸರಿದು ನಿಲ್ಲುತ್ತಾರೆ. ರಾಜನಿಗೆ ಸಂದೇಶ, ಮಗಳಿಗೆ ಬುದ್ಧಿವಾದ, ಮತ್ತೆ ಅಪ್ಪುಗೆ. ಮುಗಿಯುವುದೇ ಇಲ್ಲ. ಹೊತ್ತು ಮೀರುತ್ತಿದೆ, ಅಪ್ಪನನ್ನು ಹಿಂದಕ್ಕೆ ಕಳಿಸು ಎಂದು ಆಶ್ರಮದ ಹಿರಿಯಳು ಗೌತಮಿ ಶಕುಂತಲೆಗೆ ಹೇಳಿ, ಇವಳಿಂದ ಆಗದ ಮಾತು ಎಂದು ಕಂಡು ಕಣ್ವರಿಗೇ ನೇರವಾಗಿ ಹೇಳಬೇಕಾಗುತ್ತದೆ. ಆ ಅಂಕದಲ್ಲಿ ಕಣ್ಣೀರಿಗೆಲ್ಲ ಹೆಸರು ಬಂದಿದೆ, ಗೌತಮಿಯ ಗಡಿಯಾರಕ್ಕೆ ಬಂದಿಲ್ಲ.

1930ರ ಮಾರ್ಚ್ 12ರಂದು ಸಾಬರಮತಿಯಿಂದ ದಂಡಿಗೆ ಹೊರಟ ಗಾಂಧೀಜಿಯ ಹಿಂದೆ ಅಹಮದಾಬಾದಿನ ಜನಸಾಗರವೇ ಹೊರಟಿತ್ತು. ಅವರು ಆ ಜನರನ್ನು ಹಿಂದಕ್ಕೆ ಕಳಿಸಿದ್ದೂ ನೀರಿನ ದಡದಲ್ಲೇ, ಚಂಡೋಲಾ ಕೆರೆಯ ಬಳಿ. ನಿಮ್ಮ ಪಾಲಿನ ಕೆಲಸ ಮಾಡಿ ಎಂದು ಹೇಳಿ ಕಳಿಸಿದರು. ಚಂಡೋಲಾದಲ್ಲಿ ಹಿಂದಿರುಗಿದವರಿಗೆ ಸಿಕ್ಕಿದ್ದು ಬರಿ ವಿದಾಯವಲ್ಲ, ಮನೆಗೆ ಹೋಗಿ ಮಾಡಲು ಕೆಲಸ. ಮರಳಿ ಬರಲಿ ಎಂದು ಬಯಸುವುದಾದರೆ ಬರುವವರಿಗೆ ಇಲ್ಲಿ ಏನಾದರೂ ನಡೆಯುತ್ತಿರಬೇಕಲ್ಲ. ಎಲ್ಲರೂ ತಮಸಾ ದಡದಲ್ಲಿ ಮಲಗಿದ್ದರೆ ಅಯೋಧ್ಯೆಯಲ್ಲಿ ದೀಪ ಹಚ್ಚುವವರು ಯಾರು?

ನೀರಿನ ದಡದಲ್ಲಿ ಏನು ಹೇಳಬೇಕು ಎಂಬುದಕ್ಕೆ ಶಕುಂತಲೆಯ ಗೆಳತಿಯರಾದ ಅನಸೂಯೆ, ಪ್ರಿಯಂವದೆಯರನ್ನು ಕೇಳಬೇಕು. ಕಣ್ವರು ಧರ್ಮ ಹೇಳಿದರೆ ಈ ಹುಡುಗಿಯರು ಹೇಳಿದ್ದು ಒಂದೇ: ರಾಜ ಗುರುತು ಹಿಡಿಯಲು ತಡಮಾಡಿದರೆ ಉಂಗುರ ತೋರಿಸು. ಇಡೀ ಬೀಳ್ಕೊಡುಗೆಯಲ್ಲಿ ಅಷ್ಟು ಉಪಯೋಗಕ್ಕೆ ಬರುವ ಮಾತು ಇನ್ನೊಂದಿಲ್ಲ. ಉಂಗುರ ನೀರಿಗೆ ಬಿದ್ದದ್ದು ಬೇರೆ ಕಥೆ.

ಕೊನೆಗೆ ಹಾಲ್ ಬೇಡವೆಂದಾಯಿತು. ದಿನದಂತೆ ಏರಿಯ ತುದಿಗೆ ಹೋದೆವು, ದಿನ ತಿರುಗುವ ಜಾಗದಲ್ಲೇ ತಿರುಗಿದೆವು. "ಪೋಯಿಟ್ಟು ವಾಂಗ ಸಾರ್" ಅಂತ ಒಬ್ಬರು, "ವೆಳ್ಳಿ ರಂಡಿ" ಅಂತ ಇನ್ನೊಬ್ಬರು, ಎರಡರ ಅರ್ಥವೂ ಹೋಗಿ ಬನ್ನಿ ಎಂದೇ. ಗುಂಪಿನ ಹಿರಿಯಕ್ಕ ಮಾತ್ರ ಮೇಷ್ಟ್ರ ಮೊಣಕಾಲು ನೋಡುತ್ತಾ ಹೇಳಿದರು:

"ಮೈಸೂರಲ್ಲಿ ಕುಕ್ಕರಹಳ್ಳಿ ಕೆರೆ ಐತಂತೆ, ಕುವೆಂಪು ನಡೀತಿದ್ರಂತಲ್ಲ, ಅದು. ಅಲ್ಲಿ ಜನ ಬಲು ಜೋರಾಗಿ ನಡೀತಾರೆ. ಮೊದಲನೇ ವಾರವೇ ಅವರ ಜೊತೆ ಓಡೋಕೆ ಹೋಗಬೇಡಿ ಮೇಷ್ಟ್ರೇ."

"ಇಲ್ಲಮ್ಮ," ಅಂದರು ಮೇಷ್ಟ್ರು, "ನನಗಿಂತ ಮೆಲ್ಲಗೆ ನಡೆಯೋನು ಒಬ್ಬನ್ನ ಮೊದಲು ಹುಡುಕ್ಕೋತೀನಿ."