ಪ್ರೌಢರನ್ನು ಮಕ್ಕಳಾಗಿಸುವ ಆಡಳಿತ

ವಯಸ್ಸಾದ ಮಾತ್ರಕ್ಕೆ ಮನುಷ್ಯ ಪ್ರೌಢನಾಗುವುದಿಲ್ಲ. ಜರ್ಮನ್ ತತ್ತ್ವಜ್ಞಾನಿ ಇಮಾನ್ಯುಯೆಲ್ ಕಾಂಟ್ 1784ರಲ್ಲಿ, ಜ್ಞಾನೋದಯ ಎಂದರೇನು ಎಂಬ ಪ್ರಶ್ನೆಗೆ ಉತ್ತರವಾಗಿ ಬರೆದ ಪುಟ್ಟ ಪ್ರಬಂಧ ಈ ವಿಚಾರದಿಂದಲೇ ಹೊರಡುತ್ತದೆ. ಇನ್ನೊಬ್ಬರು ದಾರಿ ತೋರಿಸದೆ ತನ್ನ ಬುದ್ಧಿಯನ್ನು ತಾನೇ ಬಳಸಲಾರದ ಸ್ಥಿತಿಯನ್ನು ಆತ ಅಪ್ರೌಢತೆ ಎಂದ. ಅದಕ್ಕೆ ಸೋಮಾರಿತನ ಮತ್ತು ಅಂಜಿಕೆ ಕಾರಣವೆಂದ. ಜನರ ಪರವಾಗಿ ಯೋಚಿಸುವ ಹೊರೆಯನ್ನು ಉಪಕಾರವೆಂಬಂತೆ ಹೊತ್ತುಕೊಂಡು, ಸ್ವಂತ ಹೆಜ್ಜೆ ಇಡುವುದು ಅಪಾಯವೆಂದು ಹೆದರಿಸುವ ಪಾಲಕರನ್ನೂ ಅವನು ಬಿಡಲಿಲ್ಲ.

ಇಷ್ಟು ಹೇಳಿದ ಕಾಂಟ್ ಒಂದು ವಿನಾಯಿತಿ ಕೊಟ್ಟ. ಸೇನಾಧಿಕಾರಿ ಕರ್ತವ್ಯದಲ್ಲಿದ್ದಾಗ ಮೇಲಿನವರ ಆಜ್ಞೆಯನ್ನು ತರ್ಕಿಸುತ್ತ ಕೂರುವಂತಿಲ್ಲ. ಆದರೆ ವಿದ್ವಾಂಸನಾಗಿ, ಓದುವ ಜನರ ಮುಂದೆ, ಸೇನೆಯ ತಪ್ಪುಗಳ ಬಗ್ಗೆ ಬರೆಯಬಹುದು. ಹುದ್ದೆಯೊಳಗೆ ವಿಧೇಯತೆ, ಹುದ್ದೆಯಾಚೆ ಸ್ವಾತಂತ್ರ್ಯ. ನನ್ನ ತಕರಾರು ಇರುವುದು ಇಲ್ಲಿಯೇ. ಎಚ್ಚರವಾಗಿರುವ ಹೊತ್ತಿನ ಬಹುಪಾಲು ಹುದ್ದೆಯಲ್ಲೇ ಕಳೆದುಹೋಗುವಾಗ, ಹಗಲೆಲ್ಲ ಬಳಸದೆ ಬಿಟ್ಟ ಬುದ್ಧಿ ಸಂಜೆಗೆ ತಾನಾಗಿ ಚುರುಕಾಗುತ್ತದೆಯೇ?

ಕಾಂಟ್ ಬಿಟ್ಟ ಈ ಜಾಗಕ್ಕೆ ಪ್ರಶ್ನೆಯನ್ನು ಒಯ್ದವನು ಅಮೆರಿಕದ ಚಿಂತಕ ಕ್ರಿಸ್ ಆರ್ಗಿರಿಸ್. 1957ರಲ್ಲಿ ಬಂದ ಅವನ ‘ಪರ್ಸನಾಲಿಟಿ ಅಂಡ್ ಆರ್ಗನೈಸೇಶನ್’ ಪುಸ್ತಕದ ವಾದ ಸರಳ. ಮಗು ದೊಡ್ಡದಾಗುವಾಗ ನಿಷ್ಕ್ರಿಯತೆಯಿಂದ ಚಟುವಟಿಕೆಗೆ, ಅವಲಂಬನೆಯಿಂದ ಸ್ವಾವಲಂಬನೆಗೆ, ಕ್ಷಣಿಕ ಆಸಕ್ತಿಯಿಂದ ಆಳವಾದ ಆಸಕ್ತಿಗೆ, ಇವತ್ತಿನ ಯೋಚನೆಯಿಂದ ನಾಳೆಯ ಯೋಚನೆಗೆ ಸಾಗುತ್ತದೆ. ತನ್ನನ್ನು ತಾನು ಅರಿತು ಹಿಡಿತದಲ್ಲಿಟ್ಟುಕೊಳ್ಳಲು ಕಲಿಯುತ್ತದೆ. ಹಾಗೆ ಬೆಳೆದು ಬಂದವನಿಗೆ ಸಂಸ್ಥೆ ಏನು ಹೇಳುತ್ತದೆ? ಒಂದೇ ಸಣ್ಣ ಕೆಲಸ ಮಾಡು, ಹೇಳಿದಷ್ಟು ಮಾಡು, ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ. ಯೋಚಿಸುವವರು ಬೇರೆ, ಮಾಡುವವರು ಬೇರೆ ಎಂಬ ಈ ವಿಭಜನೆಯನ್ನು ಫ್ರೆಡರಿಕ್ ಟೇಲರ್ 1911ರಲ್ಲಿ ‘ವೈಜ್ಞಾನಿಕ ನಿರ್ವಹಣೆ’ಯ ತತ್ತ್ವವಾಗಿಯೇ ನಿಲ್ಲಿಸಿದ್ದ.

ಪ್ರೌಢನಿಗೆ ಬಾಲ್ಯದ ಅಳತೆಯ ಅಂಗಿ ತೊಡಿಸಿದರೆ ಅವನೇನು ಮಾಡಬೇಕು? ಕೆಲಸ ಬಿಡಬಹುದು, ಬಡ್ತಿಗಾಗಿ ಹೆಣಗಬಹುದು, ಇಲ್ಲವೇ ಮನಸ್ಸನ್ನು ಮನೆಯಲ್ಲಿಟ್ಟು ಮೈಯನ್ನಷ್ಟೇ ಕೆಲಸಕ್ಕೆ ಕಳಿಸಬಹುದು. ಈ ಉದಾಸೀನ ಸ್ವಭಾವದೋಷವಲ್ಲ, ವ್ಯವಸ್ಥೆಗೆ ಮನುಷ್ಯ ಕೊಟ್ಟ ಸಹಜ ಉತ್ತರ ಎನ್ನುತ್ತಾನೆ ಆರ್ಗಿರಿಸ್. ಮ್ಯಾನೇಜರನಿಗೆ ಮಾತ್ರ ಅದು ಸೋಮಾರಿತನವಾಗಿ ಕಾಣುತ್ತದೆ. ಅವನು ಹಗ್ಗ ಬಿಗಿಯುತ್ತಾನೆ, ಉದಾಸೀನ ಇನ್ನಷ್ಟು ಬೆಳೆಯುತ್ತದೆ, ತನ್ನ ಊಹೆಯೇ ಸರಿಯಾಯಿತೆಂದು ಅವನಿಗೆ ಅನ್ನಿಸುತ್ತದೆ.

ದರ್ಪದ ಆಡಳಿತ ಮಾತ್ರ ಹೀಗೆ ಮಾಡುತ್ತದೆಂದು ತಿಳಿಯಬಾರದು. ಕರುಣೆಯ ಆಡಳಿತವೂ ಮಾಡುತ್ತದೆ, ಮತ್ತು ನಮ್ಮಲ್ಲಿ ಹೆಚ್ಚು ಕಾಣುವುದು ಇದೇ. ಮಗಳ ಮದುವೆಗೆ ಮುಂಗಡ ಕೊಡುವ, ಕಾಯಿಲೆ ಬಿದ್ದರೆ ಆಸ್ಪತ್ರೆಗೆ ಸೇರಿಸುವ ಧಣಿ, ಕೆಲಸದ ವಿಷಯ ಬಂದಾಗ ಒಂದು ಮಾತನ್ನೂ ಕೇಳಿಸಿಕೊಳ್ಳುವುದಿಲ್ಲ. ಧಣಿಯ ಉಪಕಾರ ನಿಜ. ಅದರಿಂದಲೇ ಎದುರಾಡುವುದು ಕೃತಘ್ನತೆಯಂತೆ ತೋರುತ್ತದೆ. ಬೈಗುಳಕ್ಕೆ ತಿರುಗಿಬೀಳಬಹುದು, ಪ್ರೀತಿಗೆ ಹೇಗೆ ತಿರುಗಿಬೀಳುವುದು? ಕಾಂಟ್ ಹೇಳಿದ ಪಾಲಕ ಇಲ್ಲಿ ಪೂರ್ಣರೂಪದಲ್ಲಿ ಕಾಣಿಸುತ್ತಾನೆ. ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಇದರ ಹೊಸ ರೂಪವಿದೆ: ‘ಓನರ್‌ಶಿಪ್ ತಗೊಳ್ಳಿ’ ಎನ್ನುತ್ತಾರೆ, ಆದರೆ ಗಡುವನ್ನು ಬೇರೆಯವರು ನಿಗದಿಮಾಡಿರುತ್ತಾರೆ. ಹೊಣೆ ಕೆಳಗಿಳಿಯುತ್ತದೆ, ಅಧಿಕಾರ ಮೇಲೆಯೇ ಉಳಿಯುತ್ತದೆ. ಇದು ಸ್ವಾತಂತ್ರ್ಯವಲ್ಲ, ದುಪ್ಪಟ್ಟು ಹೊರೆ.

ಬೇರೆ ದಾರಿ ಬರೀ ಪುಸ್ತಕದಲ್ಲಿಲ್ಲ. ಅಹಮದಾಬಾದಿನ ಕ್ಯಾಲಿಕೋ ಮಿಲ್‌ನಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದಾಗ ಕೆಲಸವನ್ನು ಚೂರುಚೂರು ಮಾಡಿ ಹಂಚಲಾಗಿತ್ತು. ಲಾಳಿ ತುಂಬಿಸುವವನು ಒಬ್ಬ, ಎಣ್ಣೆ ಬಿಡುವವನು ಒಬ್ಬ, ನೇಯುವವನು ಇನ್ನೊಬ್ಬ. ಶೆಡ್‌ನಲ್ಲಿ 224 ಮಗ್ಗಗಳಿದ್ದರೂ ನಿರೀಕ್ಷಿಸಿದಷ್ಟು ಬಟ್ಟೆ ಬರಲಿಲ್ಲ, ಬಂದದ್ದರಲ್ಲೂ ದೋಷ ಹೆಚ್ಚು. 1953ರಲ್ಲಿ ಲಂಡನ್ನಿನ ಟ್ಯಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್, ಒಂದಷ್ಟು ಮಗ್ಗಗಳ ಪೂರ್ಣ ಹೊಣೆಯನ್ನು ಒಂದು ಗುಂಪಿಗೆ ವಹಿಸಬಾರದೇಕೆ ಎಂಬ ಯೋಚನೆಯನ್ನು ಮುಂದಿಟ್ಟ. ಮುಂದೆ ನಡೆದದ್ದು ನನಗೆ ಈ ಇಡೀ ವಿಷಯದಲ್ಲೇ ಹೆಚ್ಚು ಪ್ರಿಯವಾದ ಸಂಗತಿ. ಕಾರ್ಮಿಕರು ಆ ಯೋಚನೆಯನ್ನು ತಮ್ಮದಾಗಿಸಿಕೊಂಡು, ಯಾರ ಜೊತೆ ಯಾರು ಎಂಬುದನ್ನು ತಾವೇ ನಿರ್ಧರಿಸಿ ಗುಂಪು ಕಟ್ಟಿಕೊಂಡರು. ತೊಡಕುಗಳನ್ನು ದಾಟಿದ ಮೇಲೆ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಕಡಿಮೆಯಾಯಿತು. ನೆನ್ನೆಯವರೆಗೆ ಹೇಳಿದ್ದನ್ನಷ್ಟೇ ಮಾಡುತ್ತಿದ್ದವರು ಅವರೇ. ಅವರ ಬುದ್ಧಿ ಎಲ್ಲೂ ಹೋಗಿರಲಿಲ್ಲ, ಅದಕ್ಕೆ ಕೆಲಸವಿರಲಿಲ್ಲ ಅಷ್ಟೆ.

ಆರ್ಗಿರಿಸ್‌ಗೆ ಆಕ್ಷೇಪಗಳೂ ಬಂದವು. ಎಲ್ಲರೂ ಕೆಲಸದಲ್ಲೇ ಬೆಳವಣಿಗೆ ಹುಡುಕಬೇಕೇ? ಕೆಲವರಿಗೆ ಕೆಲಸ ಬರೀ ಸಂಬಳ. ಬದುಕಿನ ತಿರುಳು ಮನೆಯಲ್ಲಿ, ಹೊಲದಲ್ಲಿ, ಭಜನೆ ಮನೆಯಲ್ಲಿ. ಈ ಆಯ್ಕೆಯನ್ನು ಗೌರವಿಸಲೇಬೇಕು. ಆದರೆ ಅದು ಆಯ್ಕೆಯೇ, ಇಲ್ಲಾ ಬೇರೇನೂ ಸಿಗದೆ ಒಗ್ಗಿಕೊಂಡದ್ದೇ ಎಂಬುದು ಹೊಣೆಯ ಕೆಲಸವನ್ನು ಒಮ್ಮೆಯಾದರೂ ಕೈಗೆ ಕೊಟ್ಟ ಮೇಲಷ್ಟೇ ತಿಳಿಯುತ್ತದೆ. ಹಾಗೆ ಕೊಡುವಾಗ, ಸೋತರೆ ಅನ್ನ ಹೋಗುವುದಿಲ್ಲವೆಂಬ ಭರವಸೆಯೂ ಜೊತೆಗಿರಬೇಕು. ನಾಳೆ ಕೆಲಸ ಇರುತ್ತದೋ ಇಲ್ಲವೋ ಎಂಬ ಆತಂಕದಲ್ಲಿರುವ ಗುತ್ತಿಗೆ ನೌಕರನ ಮುಂದೆ ಸ್ವಂತ ಬುದ್ಧಿ ಬಳಸು ಎಂದರೆ ಅವನು ಅದನ್ನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ.