ಸಾಕ್ಷಿಯಿಲ್ಲದ ಅರಣ್ಯ

ಯಾರ ಕಣ್ಣಿಗೂ ಗೋಚರವಾಗದೆ ಬೆಳೆಯುವ ಅರಣ್ಯಕ್ಕೆ ಸಾರ್ಥಕ್ಯವುಂಟೇ ಎಂಬ ಪ್ರಶ್ನೆ, ವಿಹಾರಕ್ಕೆಂದು ದೂರದ ವನಗಳಿಗೆ ತೆರಳುವವರನ್ನು ಬಾಧಿಸಬೇಕಾದಷ್ಟು ಬಾಧಿಸುತ್ತಿಲ್ಲ. ಕೋಸ್ಟರಿಕ ದೇಶದ ನಿಕೋಯಾ ಪರ್ಯಾಯದ್ವೀಪವು ಪೆಸಿಫಿಕ್ ಸಾಗರದೊಳಕ್ಕೆ ಚಾಚಿ ನಿಂತ ದಕ್ಷಿಣಾಗ್ರದಲ್ಲಿರುವ ಕಾಬೊ ಬ್ಲಾಂಕೊ ಎಂಬ ರಕ್ಷಿತಾರಣ್ಯದ ಚರಿತ್ರೆಯನ್ನು ಅರಿತವರಿಗೆ ಅದು ಬರಿಯ ತರ್ಕವಿಲಾಸವಾಗಿ ಉಳಿಯಲಾರದು.

1950ರ ದಶಕದಲ್ಲಿ ಅಲ್ಲಿಗೆ ಸಮೀಪದ ಮಾಂಟೆಜುಮಾದಲ್ಲಿ ನೆಲೆಸಿದ ಸ್ವೀಡನ್ನಿನ ಒಲೊಫ್ ವೆಸ್ಬೆರ್ಗ್ ಮತ್ತು ಅವರ ಪತ್ನಿ, ಡೆನ್ಮಾರ್ಕಿನ ಕಾರೆನ್ ಮೊಗೆನ್ಸೆನ್, ಸುತ್ತಣ ಕಾಡೆಲ್ಲ ಗೋಮಾಳಕ್ಕಾಗಿ ಕೊಡಲಿಗೆ ಈಡಾಗುತ್ತಿರುವುದನ್ನು ಕಂಡು ಸಹಿಸಲಾರದೆ, ಪರದೇಶಗಳ ಪ್ರಕೃತಿಪ್ರಿಯರಿಂದ ದ್ರವ್ಯವನ್ನು ಸಂಗ್ರಹಿಸಿ, ಸರ್ಕಾರವನ್ನು ಒಪ್ಪಿಸಿ, 1963ರಲ್ಲಿ ಈ ವನಕ್ಕೆ ರಕ್ಷಣೆಯನ್ನು ದೊರಕಿಸಿದರು. ವಿಶೇಷವೆಂದರೆ, 1980ರ ದಶಕದ ಅಂತ್ಯದವರೆಗೂ ವಿಹಾರಾರ್ಥಿಗಳಿಗೆ ಅದರೊಳಗೆ ಪ್ರವೇಶವೇ ಇರಲಿಲ್ಲ. ಹಿಂದೆ ಕಡಿದು ಬಯಲು ಮಾಡಿದ್ದ ನೆಲದಲ್ಲಿ ಮರಗಳು ಮರಳಿ ತಲೆಯೆತ್ತಿದುದು, ಕೂಗುಕೋತಿಗಳೂ ಬಿಳಿಮೊಗದ ಕಪುಚಿನ್ ಕೋತಿಗಳೂ ಆ ಕೊಂಬೆಗಳಲ್ಲಿ ಸಂಸಾರ ಹೂಡಿದುದು, ಪ್ರೇಕ್ಷಕರಾರೂ ಇಲ್ಲದ ಆ ದೀರ್ಘಕಾಲದಲ್ಲಿಯೇ.

ಸಹೃದಯನಿಲ್ಲದೆ ರಸವಿಲ್ಲವೆಂದು ನಮ್ಮ ಆಲಂಕಾರಿಕರು ಬಗೆದರು. ಕಾವ್ಯದ ಮಟ್ಟಿಗೆ ಅದು ಸತ್ಯ, ಏಕೆಂದರೆ ಕವಿಯು ಮತ್ತೊಂದು ಹೃದಯವನ್ನು ಉದ್ದೇಶಿಸಿಯೇ ರಚಿಸುತ್ತಾನೆ. ಆದರೆ ಅರಣ್ಯವು ನಮ್ಮನ್ನು ಉದ್ದೇಶಿಸಿ ರಚಿತವಾದುದಲ್ಲ. ಸೃಷ್ಟಿಯು ಈಶ್ವರನ ಕೇವಲ ಲೀಲೆಯೆಂದೂ, ಅದರಿಂದ ಅವನು ಸಾಧಿಸಬೇಕಾದ ಪ್ರಯೋಜನವೊಂದಿಲ್ಲವೆಂದೂ ಬ್ರಹ್ಮಸೂತ್ರಕಾರರಾದ ಬಾದರಾಯಣರ ಅಭಿಪ್ರಾಯ. ಸ್ರಷ್ಟಾರನೇ ಪ್ರಯೋಜನವನ್ನು ಅಪೇಕ್ಷಿಸದಿರುವಲ್ಲಿ, ನಡುವೆ ಬಂದು ನಿಂತ ಮನುಷ್ಯನು ತನ್ನ ಮನೋಲ್ಲಾಸವೇ ವೃಕ್ಷರಾಶಿಯ ಪರಮಾರ್ಥವೆಂದು ಭಾವಿಸುವುದು ಎಷ್ಟರ ಮಟ್ಟಿಗೆ ಯುಕ್ತ?

ಹಾಗೆಂದು ನೋಡುವವನ ಆನಂದವನ್ನು ನಾನು ತಿರಸ್ಕರಿಸಲಾರೆ. ನೆರಳು ಕವಿದ ಕಾಲುದಾರಿಯಲ್ಲಿ ಗಂಟೆಗಟ್ಟಲೆ ನಡೆದು, ಕಾಡು ಮುಗಿದೆಡೆ ಫಕ್ಕನೆ ಕಡಲನ್ನು ಕಾಣುವವನ ಹೃದಯ ಅರಳದೆ ಇರುವುದೆಂತು? ಆ ಸುಖ ನಿಜವಾದುದು, ಶುಚಿಯಾದುದು. ಆದರೆ ಅದು ಅವನ ಹಕ್ಕಿನಿಂದ ಬಂದುದಲ್ಲ, ಬಹುಕಾಲ ಅನ್ಯರು ಹೊರಗೇ ನಿಂತುದರ ಫಲವಾಗಿ ಬಂದುದು. ವೆಸ್ಬೆರ್ಗರಂತೂ ಓಸಾ ಪರ್ಯಾಯದ್ವೀಪದ ಮತ್ತೊಂದು ಮಳೆಕಾಡನ್ನು ಉಳಿಸಲು ಹೊರಟು, 1975ರಲ್ಲಿ ಅಲ್ಲಿಯೇ ಕೊಲೆಗೀಡಾದರು. ಅದೇ ವರ್ಷ ಕೊರ್ಕೊವಾಡೊ ರಾಷ್ಟ್ರೀಯ ಉದ್ಯಾನವಾದ ಆ ಕಾಡಿನ ನೆರಳನ್ನು ಅನುಭವಿಸುವ ಭಾಗ್ಯ ಅವರದಾಗಲಿಲ್ಲ.

ಕಾಬೊ ಬ್ಲಾಂಕೊದ ದ್ವಾರವನ್ನು ಯಾತ್ರಿಕರಿಗೆ ತೆರೆದ ಮೇಲೂ ವಾರದಲ್ಲಿ ಎರಡು ದಿನ ಮುಚ್ಚುವ ಪದ್ಧತಿ ಉಳಿದುಬಂದಿದೆ. ಆ ಎರಡನ್ನು ನಾಲ್ಕಾಗಿಸಿದರೂ ನಾನು ಆಕ್ಷೇಪಿಸೆನು.